ಬಾಣದ ಬಾಲ

"ಬಾಣ ತಿರುವುಮುರುವಾಗಿದೆ," ಎಂದರು ಮೈಮು ಟೀಚರು,
ಮೂರೂವರೆಗೇ ಕತ್ತಲಾದ ತಾರ್ತುವಿನ ಲ್ಯಾಬಿನಲ್ಲಿ.
ಪ್ರೋಟಾನಿನಿಂದ ಆಕ್ಸಿಜನ್ನಿಗೆ ಎಳೆದಿದ್ದ ಉರ್ಮಾಸ್.
"ಅದರ ಹತ್ತಿರ ಏನಿದೆ ಕೊಡಲು? ಬರಿಗೈ.
ಇದ್ದವರ ಮನೆಯಿಂದ ಹೊರಡಬೇಕು ಬಾಣ,
ಜೋಡಿ ಎಲೆಕ್ಟ್ರಾನು ಇಟ್ಟುಕೊಂಡು ಕೂತ
ಆ ಆಕ್ಸಿಜನ್ನಿನಿಂದ."

ಅಳಿಸಿ ಬರೆದ.
ಪ್ರೋಟಾನು ಕೂತದ್ದೇ ತಡ, ಪಕ್ಕದ ಕಾರ್ಬನ್ನಿಗೆ ಹಸಿವು;
ಆಲ್ಕೊಹಾಲು ಬಂತು, ನೀರು ಎದ್ದು ಹೋಯಿತು,
ಕೊನೆಗೊಂದು ಪ್ರೋಟಾನು ಕಳಚಿಕೊಂಡಿತು.
"ಬಂದದ್ದೇ ಹೋದದ್ದಾ?"
"ಯಾರಿಗೆ ಗೊತ್ತು. ಲೆಕ್ಕ ಸರಿಹೋಯಿತು, ಅಷ್ಟೆ."

ಫ್ಲಾಸ್ಕಿನ ಬಾಯಲ್ಲಿ ಬಾಳೆಹಣ್ಣಿನ ವಾಸನೆ.
ಮೈಮು ಕಿಟಕಿ ತೆರೆಯಲಿಲ್ಲ.

ಇದೇ ಮೇಜು. ಅಂಗಡಿಗೆ ಬಾಳೆ ಬಾರದ ಕಾಲ.
ಗಂಧಕಾಮ್ಲ ನಾಲ್ಕು ಹನಿ ಬಿಟ್ಟು
ಹತ್ತೊಂಬತ್ತರ ಅವಳು ಇದನ್ನೇ ಕಾಸಿದ್ದಳು.
'ಬಾಳೆಯಂಥ ಪರಿಮಳ' ಎಂದಿತ್ತು ಪುಸ್ತಕ;
ಬಾಳೆ ಹೇಗೆಂದು ಯಾರನ್ನು ಕೇಳುವುದು?
ಮೂಸಿ, ನಂಬಿ, ಟಿಪ್ಪಣಿ ಬರೆದಿಟ್ಟಳು.

ಹದಿನೇಳು ವರ್ಷಕ್ಕೆ ಸಿಕ್ಕಿತು ಹಣ್ಣು.
ಸುಲಿದು, ಕಚ್ಚಿ,
ಗಂಡನಿಗೆ ಹೇಳಿದ್ದಳು:
"ಪರವಾಗಿಲ್ಲ,
ಆಸಿಡ್ಡು ಚೆನ್ನಾಗಿ ತೊಳೆದಿದ್ದಾರೆ."