ಭಂಡಾರ ರೋಗದ ಬಣ್ಣ

ದಾಜಿಬಾನಪ್ಯಾಟಿಯೊಳಗ, ಕೊಡಿ ರಿಪೇರಿ ಅಂಗಡಿಗೆ ಹತ್ತಿ,
ಮೆಟ್ಟಿಲ ಕೆಳಗ ನಮ್ಮದು. ಎಂಟು ಫೂಟು ಉದ್ದ,
ಎದ್ದು ನಿಂತರ ತಲಿಗೆ ಬಡಿಯೂ ಅಟ್ಟ.
ಮಾವನವರು ತುಳಜಾಸಾ ಮಗ್ಗದ ನೂಲು ಮಾರತಿದ್ರು,
ಮಗ್ಗ ನಿಂತವು, ಉಲನ್ ಇಟ್ವಿ.
ಹುಬ್ಬಳ್ಳಿ ಥಂಡಿ ಅಂದ್ರ ಒಂದೂವರಿ ತಿಂಗಳ ಮಾತು.
ಉಳಿದ ದಿನ ಗೊಂಡೇದ ದಾರ, ಸಾಲಿ ಹುಡುಗೂರ ಕ್ರಾಫ್ಟು,
ಮತ್ತ ನೊಣಾ.

ಆಕಿ ಬಂದದ್ದು ಮೇ ತಿಂಗಳಾಗ.
"ಉಲನ್ ಐತೇನ್ರೀ?"
ನಾ ಫ್ಯಾನು ನನ್ನ ಕಡೆ ತಿರುವಿಕೊಂಡೆ,
ವಿಚಾರ ಮಾಡಾಕ ಗಾಳಿ ಬೇಕಿತ್ತು.

ಮಾರೆತ್ ಅಂತ ಹೆಸರು. ಎಸ್ಟೋನಿಯಾ ಅಂತ ದೇಶ.
ಎಲ್ಲಿ ಬರತೈತಿ ಅಂದೆ. ಬಿಲ್ ಬುಕ್ಕಿನ ಹಿಂದ ಗೀಚಿದ್ಲು:
ಇದು ಸಮುದ್ರ, ಇದು ಅಡವಿ, ಇಲ್ಲಿ ನಮ್ಮವ್ವನ ಮನಿ.
ಧಾರವಾಡದ ಎತ್ತಿನಗುಡ್ಡದಾಗ ರೋಗ ನೋಡತಾಳಂತ,
ಮನಶ್ಯಾರದಲ್ಲ, ಗೋದೀದು.
ಎರಡ ಸಲ ಕೇಳಿ ಖಾತ್ರಿ ಮಾಡಿಕೊಂಡೆ.

ಅಟ್ಟದ ಪಾಕೀಟೆಲ್ಲಾ ಕೆಳಗ ಇಳಿಸಿದ್ಲು.
ಒಂದೊಂದ ಉಂಡಿ ಗಲ್ಲಕ್ಕ ಒತ್ತಿ, ಆಮ್ಯಾಲ ಮೂಗಿಗೆ.
"ಇದರಾಗ ಕುರಿ ಇಲ್ಲ."
ಇಪ್ಪತ್ತೆರಡು ವರ್ಷ ಮಾರೇನಿ,
ಕುರಿ ಎಲ್ಲೈತಿ ಅಂತ ಒಬ್ರೂ ಕೇಳಿದ್ದಿಲ್ಲ.
"ಲುಧಿಯಾನಾದಿಂದ ಬರತೈತಿ ಅಕ್ಕಾರ, ಕುರಿ ನಡುವ ಇಳದಿರಬೇಕು."
ನಕ್ಕಳು. ತಿಳಿದು ನಕ್ಕಳೋ, ನಾ ನಕ್ಕೆ ಅಂತ ನಕ್ಕಳೋ.
ಕುರಿ ಇಲ್ಲದ್ದನ್ನ ಆರು ಉಂಡಿ ತಗೊಂಡಳು.

ಆವತ್ತಿಂದ ಶನಿವಾರಕ್ಕೊಮ್ಮೆ ಹಾಜರು.
ಚಿಗರಿ ಬಸ್ಸಿನ ಗೇಟಿನ್ಯಾಗ ಸೂಜಿ ನೋಡಿ ತಡದಿದ್ರಂತ,
ಅಲ್ಲೇ ನಿಂತು ಎರಡು ಸಾಲು ಹೆಣದು ತೋರಿಸಿದ ಮ್ಯಾಲ ಬಿಟ್ರಂತ.
ಆಕಿ ಚೀಲದಾಗ ಒಂದು ವಹಿ. ಹೋದ ಊರಿನ ಅಂಗಡಿಗೊಂದು ಪುಟ,
ಪುಟಕ್ಕೊಂದು ಗೇಣುದ್ದ ದಾರ ಕಟ್ಟ್ಯಾಳ:
ಲೈನ್ ಬಜಾರದ ನೀಲಿ, ಗದಗಿನ ಗಿಳಿಹಸರು,
ಹಾವೇರಿಯೊಳಗ ಬಾಂಡೆ ಅಂಗಡ್ಯಾಗ ಸಿಕ್ಕ ಒಂದು ಗುಲಾಬಿ.
ನನ್ನ ಪುಟದಾಗ ಆರು ದಾರ ಇದ್ದುವು.
ಎಣಿಸಿ ನೋಡಿದೆ, ಸುಳ್ಳ್ಯಾಕ ಹೇಳಲಿ, ಬೀಗಿದೆ.

ನನ್ನ ದಾರ ಬಲಗೈಯಾಗ, ಆಕೀದು ಎಡಗೈಯಾಗ.
ಉಲ್ಟಾ ಟಾಕಾ ಆಕಿ ಹಾಕೂದು ನೋಡಿದ್ರ
ಉಪ್ಪಿಟ್ಟು ಹಿಂದಿನ ಬಾಗಲಿಂದ ಕೊಟ್ಟಂಗ ಕಾಣಸತಿತ್ತು,
ಆದ್ರ ಉಪ್ಪಿಟ್ಟು ಅದ.
ನಲವತ್ತರ ತನಕ ಕನ್ನಡದಾಗ ಎಣಸತಾಳ,
ತಪ್ಪಿತಂದ್ರ ಉಕ್ಸ್, ಕಕ್ಸ್, ಕೋಲ್ಮ್.
ನಾನೂ ಅವಸರಾದ್ರ ನಮ್ಮ ಮನಿ ಮಾತಿಗೆ ಜಾರತೇನಿ.
ಇಬ್ರ ಕನ್ನಡಾನೂ ಓಣ್ಯಾಗ ಕಲತದ್ದು,
ಆಕೀದು ಒಂದು ವರ್ಷದ್ದು, ನಮ್ಮದು ಅಜ್ಜಂದ್ರ ಕಾಲದ್ದು.

ಮೆಡ್ಲೇರಿಗೆ ಕಳಿಸಿದೆ, ಕುರಿಗೆ.
ಬಂದಳು ಕರೇ ನೂಲು ಹೊತ್ತು, ಜೊತಿಗೆ ಜಾಲಿ ಮುಳ್ಳು, ಜಿಡ್ಡು,
ಮಳಿ ಬಿದ್ದ ದಡ್ಡಿಯ ವಾಸನಿ.
ಬೋಣಿ ಗಿರಾಕಿ ಮೂಗು ಮುಚ್ಚಿಕೊಂಡು ಹ್ವಾದ.
ಆಕಿ ಮಾತ್ರ ಆ ಲಡಿಯೊಳಗ ಮಾರಿ ಇಟ್ಟು
ಒಂದು ಚಹಾ ಆರೂತನಕ ಮ್ಯಾಲೆತ್ತಲಿಲ್ಲ.
ನಾ ಲೆಕ್ಕ ಬರಕೋತ ಕುಂತೆ. ಲೆಕ್ಕ ಏನೂ ಇದ್ದಿದ್ದಿಲ್ಲ.

ಡಿಸೆಂಬರದಾಗ ಒಂದು ಗೋದಿ ಎಲಿ ತಂದಳು,
ಬಾಯಿ ಹೊಲಿದಂಥ ಪ್ಲಾಸ್ಟಿಕ್ಕಿನ್ಯಾಗ.
ಎಲಿ ತುಂಬ ಸಣ್ಣ ಸಣ್ಣ ಗುಳ್ಳಿ, ದೇವರ ಭಂಡಾರ ಚೆಲ್ಲಿದಂಗ.
"ಈ ಬಣ್ಣ ಬೇಕು."
ಇದು ಭಂಡಾರ ರೋಗ, ಅಕ್ಕಾರ, ಇದನ್ನ ಮೈಮ್ಯಾಲೆ ಹಾಕೋತೀರೇನು?
"ದಿನಾ ನೋಡತೇನಲ್ರೀ. ಚಂದ ಐತಿ," ಅಂದು
ತಪ್ಪು ಒಪ್ಪಿಕೊಂಡಂಗ ದನಿ ಇಳಿಸಿದ್ಲು.
ಬೆಂಚಿನ ಮ್ಯಾಲ ಕುಂತಿದ್ದ ಅಣ್ಣಿಗೇರಿಯ ರೈತ ದಿಗ್ಗನ ಎದ್ದ.
ಎಲಿ ಬಿಟ್ಟು ಹೋಗ್ರಿ ಅಂದ್ರ ಒಲ್ಲೆ ಅಂದ್ಲು,
ರೋಗ ಹಬ್ಬತೈತಿ, ಹಂಗೆಲ್ಲ ಕೊಡಾಂಗಿಲ್ಲ.

ಈಗ ಲುಧಿಯಾನಾದ ಏಜೆಂಟ ಫೋನಿನ್ಯಾಗ ಅದಾನ.
ಕೇಸರಿ? ಅಲ್ಲ. ಇಟ್ಟಂಗಿ? ಅಲ್ಲ. ಅರಿಶಿಣ? ಅಲ್ರೀ ಅದು.
ಶೇಡ್ ನಂಬರ ಹೇಳಂತಾನ.
ಎದುರಿಗೆ ಮಾರೆತ್, ಮೊಣಕಾಲ ಮ್ಯಾಲ ಕರೇ ನೂಲಿನ ಅರ್ಧ ಕಾಲ್ಚೀಲ,
ಹಿಮ್ಮಡ ತಿರುವೂ ಜಾಗಾದಾಗ ಎಣಸಾಕ ಹತ್ಯಾಳ,
ಮಾತಾಡಸಬಾರದು ಅಂತ ಕೈ ಮ್ಯಾಲೆತ್ತ್ಯಾಳ.
"ತಡೀರಿ," ಅಂದೆ ಏಜೆಂಟಗ, "ಹದಿನೇಳಕ್ಕ ಬಂದಾಳ."