ಹೊಟ್ಟೆಗೆ ಹಾಕಿಕೊಂಡದ್ದು

ಕೊಳವೆಯ ಮೇಲೆ ಹೆಸರಿಲ್ಲ, ಬರೀ ನಲವತ್ತೊಂದು.
ಆದರೂ ನನಗೆ ಗೊತ್ತು, ಇದು ಹಿನೇಸನ ರಕ್ತದ ತಿಳಿ.
ಚುಚ್ಚುವಾಗ ಅವನು ಗೋಡೆಯ ಕಡೆ ಮುಖ ಮಾಡಿದ್ದನ್ನು
ನೋಡಿದವಳು ನಾನೇ.
ಎಂಥ ಏಣಿಗೂ ಹೆದರದವನು,
ಸಿಯೇಸಾದ ತೋಟಗಳಲ್ಲಿ ಇಪ್ಪತ್ತು ಫೆಬ್ರವರಿಗಳ ಹೂ ಕಂಡವನು,
ಸೂಜಿಗೆ ಹೆದರುತ್ತಾನೆ ನನ್ನ ತಮ್ಮ.

ಜೂನಿನ ಮಧ್ಯಾಹ್ನ.
ಪೆಟ್ಟಿಗೆಯಿಂದ ಒಂದು ಪೀಚ್ ತೆಗೆದು, ತೊಡೆಗೆ ಎರಡು ಸಲ ಉಜ್ಜಿ
ಸಿಪ್ಪೆ ಸಮೇತ ಕಚ್ಚಿದ.
ಹಾಗೆ ತಿಂದದ್ದು ಅದು ಸಾವಿರದನೆಯದೋ ಏನೋ.
ಆಮೇಲೆ, ಹೊರಟ ವ್ಯಾನಿನ ಹಿಂದೆ ಓಡಿದ.
ಸೆಗೂರಾ ಸೇತುವೆ ದಾಟುವಷ್ಟರಲ್ಲಿ ತುಟಿ ಬೇರೆ ಯಾರದೋ ಆಗಿತ್ತು,
ಅಂಗೈ ಕೆಂಡ,
ಗಂಟಲೊಳಗೆ ಯಾರೋ ಒಂದೊಂದೇ ಬಾಗಿಲು ಹಾಕುತ್ತಿದ್ದರು.
ಅಬ್ದೆಸ್ಲಾಮ್ ಕೇಳಲಿಲ್ಲ, ಹೇಳಲಿಲ್ಲ,
ವ್ಯಾನನ್ನು ಆಸ್ಪತ್ರೆಯ ಕಡೆ ತಿರುಗಿಸಿದ.

ಅಮ್ಮ ಮೊದಲಿನಿಂದಲೂ ಸಿಪ್ಪೆ ಸುಲಿದೇ ತಿನ್ನುವವಳು.
ಕೊಂಬಿನ ಹಿಡಿಯ ಚಾಕು. ಒಂದೇ ಎಳೆ, ಎಲ್ಲೂ ಕಡಿಯದಂತೆ.
ದೊರೆಸಾನಿಯ ನಾಜೂಕು ಎಂದು ನಾವಿಬ್ಬರೂ ನಗುತ್ತಿದ್ದೆವು.
ಯಾಕೆಂದು ಅವಳು ಹೇಳಲಿಲ್ಲ,
ಬಹುಶಃ ಅವಳಿಗೂ ಗೊತ್ತಿರಲಿಲ್ಲ.

ಆ ನವಿರಿನ ಜೊತೆಗೇ ಇರುತ್ತದೆ ನಾನು ಹುಡುಕುವ ಪ್ರೋಟೀನು.
ತೀರಾ ಸಣ್ಣದು. ತೊಂಬತ್ತೊಂದು ಮಣಿಗಳ ಸರ
ನಾಲ್ಕು ಗಂಧಕದ ಗಂಟಲ್ಲಿ ಬಿಗಿದ ಚೀಲ.
ಒಳಗೆ ಟೊಳ್ಳು.
ಕುದಿಸಿದರೂ ಸುಲಭಕ್ಕೆ ಬಿಚ್ಚದು. ಜಠರದ ಹುಳಿಯಲ್ಲಿ
ಮೀಯಲು ಬಂದ ನೆಂಟನಂತೆ ಕೂತು, ಎದ್ದು, ಮುಂದೆ ಹೋಗುತ್ತದೆ.
ಮರಕ್ಕೆ ಅದು ಬೇಕು:
ಮೇಣದ ಹೊದಿಕೆ ನೇಯಲು ಎಣ್ಣೆ ಹೊರುವ ಕೂಲಿ ಅದು,
ಹಾಗೆಂದು ನಂಬಿದ್ದೇವೆ.
ಟೊಳ್ಳು ಇರುವುದೇ ಹೊರೆಗೆ.

ನನ್ನ ಪ್ರಶ್ನೆ ಇಷ್ಟೇ.
ಹೊರೆ ಹೊತ್ತು ಬಂದವನನ್ನೂ ಬರಿಗೈಲಿ ಬಂದವನನ್ನೂ
ಮೈ ಒಬ್ಬನೇ ಎಂದು ಗುರುತಿಸುತ್ತದೆಯೇ?

ತೊಂಬತ್ತಾರು ಗುಳಿಗಳ ತಟ್ಟೆ.
ಎಡಸಾಲಿಗೆ ಖಾಲಿ ಚೀಲ. ಬಲಸಾಲಿಗೆ
ಓಲೆಯಿಕ್ ಆಮ್ಲ ಕುಡಿಸಿದ್ದು:
ಬೆಳಗ್ಗೆ ಸುಟ್ಟ ಬ್ರೆಡ್ಡಿನ ಮೇಲೆ ಹಿನೇಸ್ ಧಾರಾಳ ಸುರಿದುಕೊಳ್ಳುವ
ಆಲಿವ್ ಎಣ್ಣೆಯಲ್ಲಿ ತುಂಬಿರುವುದೂ ಇದೇ.
ಅವನ ರಕ್ತದ ತಿಳಿಯನ್ನು ಎರಡಕ್ಕೂ ಸಮ ಹಂಚಿದೆ,
ಅಕ್ಕನ ಕೈ ಎಂಬ ಪಕ್ಷಪಾತ ಬಾರದಂತೆ.

ನಾಲ್ಕು ಗಂಟೆಗೆ ಹಳದಿ ಏರಿತು.
ಬಲಸಾಲು ಇನ್ನೂ ಗಾಢ.

ಕೊಬ್ಬು ಒಳಹೊಕ್ಕರೆ ಎಂಥ ಸಣ್ಣವನೂ ಕೊಬ್ಬುತ್ತಾನೆ,
ಎಂದು ನಗಬಹುದಿತ್ತು.
ಒಂದು ಸುರುಳಿ ಕೂದಲೆಳೆಯಷ್ಟೂ ಅಲ್ಲ, ಅದಕ್ಕಿಂತ ಕಡಿಮೆ ಸರಿದಿರಬೇಕು.
ಮಡಿಕೆಯಲ್ಲಿದ್ದ ಒಂದು ಮೂಲೆ ಹೊರಗೆ ಇಣುಕಿರಬೇಕು.
ತಮ್ಮನ ನೆತ್ತರ ಕಾವಲಿನವರಿಗೆ
ಗುರುತು ಹಿಡಿದು ಕೂಗೆಬ್ಬಿಸಲು ಅಷ್ಟೇ ಸಾಕಾಗಿರಬೇಕು.

"ಬೇಕು, ಬೇಕು," ಎಂದರು ಡಾಕ್ಟರ್ ಮೊಂಟಿಯೆಲ್, ಕನ್ನಡಕ ಒರೆಸುತ್ತ.
"ಗೋಧಿಯ ಚೀಲಕ್ಕೆ ಕೊಬ್ಬು ತುಂಬಿದಾಗ
ಬಿಗಿ ಸಡಿಲಿ ಬೇಗ ಅರಗಿದ್ದೂ ಉಂಟು.
ಹೊರೆ ಬದಲಾದರೆ ನಡಿಗೆ ಬದಲು.
ಒಬ್ಬ ನಲವತ್ತೊಂದರಿಂದ ಊರಿಗೆಲ್ಲ ನಿಯಮ ಬರೆಯಬೇಡ."

ಭಾನುವಾರ ಊಟದ ಮೇಜಿನಲ್ಲಿ ಅವನು ಕೇಳಿದ:
ತಪ್ಪು ಹಣ್ಣಿನದೋ ಎಣ್ಣೆಯದೋ?
ಯಾರದೂ ಅಲ್ಲ ಎನ್ನಲೇ? ಮರವೂ ತನ್ನ ಕೆಲಸ ಮಾಡಿತು,
ನಿನ್ನ ಮೈಯೂ.
ಉಪ್ಪಿನ ಡಬ್ಬಿ ಕೊಡು ಎಂದೆ.

ನಾಳೆಯಿಂದ ಮತ್ತೆ ತೋಟ. ಕೈಗವಸು, ಉದ್ದ ತೋಳಿನ ಅಂಗಿ,
ಜೇಬಿನಲ್ಲಿ ಅಡ್ರಿನಲಿನ್ ಸೂಜಿ,
ಅವನಿಗೆ ಭಯವಿರುವುದು ಅದಕ್ಕೇ.

ಅಮ್ಮ ತನ್ನ ಪೀಚ್ ಸುಲಿದಳು, ದೂರದ ಕುರ್ಚಿಯಲ್ಲಿ,
ಕಿಟಕಿ ತೆರೆದು, ಕಳ್ಳಿಯ ಹಾಗೆ.
ಎಲ್ಲರೂ ಎದ್ದ ಮೇಲೆ
ತಟ್ಟೆಯಲ್ಲಿ ಸುರುಳಿ ಬಿದ್ದಿದ್ದ ಆ ಸಿಪ್ಪೆಯನ್ನು
ನಾನು ಚಿಮಟದಲ್ಲಿ ಎತ್ತಿ ಚೀಲಕ್ಕೆ ಹಾಕಿ ತಾರೀಖು ಬರೆದೆ.
ಬಾಗಿಲಲ್ಲಿ ನಿಂತು ಅಮ್ಮ ನೋಡಿದಳು.
ಅದನ್ನೂ
ಹೊಟ್ಟೆಗೆ ಹಾಕಿಕೊಂಡಳು.