ನಲ್ಲಿಯದೊಂದು, ಪೈಪಿನದೊಂದು

ಆಷಾಢ. ಮದುವೆಯಿಲ್ಲ, ಮುಂಜಿಯಿಲ್ಲ.
ಲಷ್ಕರ್ ಮೊಹಲ್ಲಾದ ಈ ಹಳೇ ಲಾಡ್ಜಿನ
ನಲವತ್ತೆರಡು ಕೋಣೆಯ ಬೀಗದ ಕೈ
ಮೊಳೆಗೆ ಜೋತುಬಿದ್ದು ತೂಕಡಿಸುತ್ತಿವೆ.
ಬಿಸಿನೀರಿನ ಪೈಪು ತೊಳೆಸುವುದಾದರೆ ಈಗಲೇ
ಅಂದರಂತೆ. ನನ್ನನ್ನು ಕರೆದರು.

ಪೆಟ್ಟಿಗೆ ಬಿಚ್ಚಿದ್ದು ಕಂಡು ಕೌಂಟರಿನ ಹುಡುಗ
‘ಬ್ಯೂಟಿ ಪಾರ್ಲರಾ ಮೇಡಂ?’ ಅಂದ.
ತಪ್ಪೇನಿಲ್ಲ. ಪುಟ್ಟ ಸೀಸೆಗಳು, ಡ್ರಾಪರು,
ಬಣ್ಣ ತಿರುಗುವ ಕಾಗದದ ಪಟ್ಟಿ,
ಪೆನ್ನಿನಂಥ ಮೀಟರು, ಅದರ ಮೂತಿ ಒರೆಸಲು ಹತ್ತಿ,
ಕೆಟ್ಟ ಸ್ಪೀಕರಿನಿಂದ ಕಿತ್ತ ಅಯಸ್ಕಾಂತ.

ಹಿತ್ತಲ ಬಾಯ್ಲರ್ ಮನೆಯಲ್ಲಿ ಪುಟ್ಟಮಾದಯ್ಯ.
ಮೂವತ್ತೊಂದು ವರ್ಷ, ಒಂದೇ ಸ್ಟೂಲು.
‘ನೀರು ನೋಡಕ್ಕೆ ಮಿಷನ್ ಯಾಕವ್ವ?
ತೊಗರಿಬೇಳೆ ಹಾಕು. ಬೆಂದ್ರೆ ನಲ್ಲೀದು.
ಬೇಯ್ಲಿಲ್ವಾ, ಬೋರಿಂದು.’

ನಕ್ಕೆ. ನಮ್ಮಜ್ಜಿಯ ಪರೀಕ್ಷೆಯೂ ಅದೇ.
ಆದರೆ ಬೇಳೆಗೆ ಅಂಕಿ ಬರೆಯಲು ಬಾರದು,
ಬೇಳೆ ಹಾಕಿದ ಸಹಿ ಮ್ಯಾನೇಜರಿಗೆ ಸಾಲದು.

ಮೊದಲ ಬಾಟಲಿ ಬೀದಿ ನಲ್ಲಿಯದು.
ಮೀಟರು ತಡವರಿಸದೆ ನೂರ ಅರವತ್ತೆರಡು ಅಂತು.
ಎರಡನೆಯದು ಮೂರನೇ ಮಹಡಿಯ ಕೊನೇ ಪೈಪಿನದು.
ಕೆಮ್ಮಿ, ಗಂಟಲು ಕೆರೆದು, ಉಗುಳಿದ ಹಾಗೆ ಬಂತು
ಕಾಡಿಗೆ ಕದಡಿದ ನೀರು.
ಸಾವಿರದ ನೂರ ನಲವತ್ತು.
ಅಯಸ್ಕಾಂತ ಹೊರಗಿನಿಂದ ಸವರಿದೆ.
ಗಾಜಿನ ಕೆನ್ನೆಗೆ ಕಪ್ಪು ಗಡ್ಡ ಬೆಳೆಯಿತು.
ಕಬ್ಬಿಣ ತನ್ನನ್ನೇ ಕಡಿದು ತಿಂದ ಪುಡಿ ಅದು,
ಯಾರಿಗೂ ಕೇಳಿಸದೆ, ಗೋಡೆಯೊಳಗೆ, ರಾತ್ರಿಗಟ್ಟಲೆ.

ಪಂಪು ಕಟ್ಟಿದೆವು.
ನೀರು ಮುಂದಕ್ಕೆ, ನೀರು ಹಿಂದಕ್ಕೆ,
ಮರದ ಸುತ್ತಿಗೆಯಲ್ಲಿ ಪೈಪಿನ ಬೆನ್ನು ತಟ್ಟುತ್ತ
ಮಾದಯ್ಯ ಮಹಡಿಯಿಂದ ಮಹಡಿಗೆ.
ಕೂಸಿಗೆ ತೇಗು ಬರಿಸುವ ಹಾಗೆ.
ಒಂಬೈನೂರು. ಆರುನೂರು. ಮುನ್ನೂರ ಎಂಬತ್ತು.
ಅಲ್ಲಿ ನಿಂತಿತು.
ಊಟ ಮಾಡಿ ಬಂದೆವು. ಮುನ್ನೂರ ಎಂಬತ್ತು.
ಬೆಟ್ಟದ ಮೇಲೆ ಮೋಡ ಬಂದು ಹೋಯಿತು.
ಮುನ್ನೂರ ಎಂಬತ್ತು.

ಸರಿ, ಹನಿ ಎಣಿಸೋಣ ಅಂದೆ.
ಸೀಸೆಯೊಳಗೆ ನೀರು ಮೊದಲು
ನೇರಳೆ ಹಣ್ಣು ತಿಂದ ನಾಲಿಗೆಯ ಬಣ್ಣ.
ಗಡಸು ಇಳಿದ ಗಳಿಗೆಗೆ
ಪಂಚೆಗೆ ಹಾಕುವ ನೀಲಿ.
ನಲ್ಲಿಯ ನೀರಿಗೆ ನಾಲ್ಕೇ ಹನಿ ಸಾಕಾಯಿತು.
ಪೈಪಿನದಕ್ಕೆ ಹನ್ನೊಂದು.

‘ಏನಂತದೆ ಅದು?’
‘ಎಲ್ಲಿಂದಲೋ ಬೋರಿನ ನೀರು ಸೇರುತ್ತಿದೆ ಅಂತದೆ.’

ಮಾದಯ್ಯ ಸ್ಟೂಲಿನ ಮೇಲೆ ಕೂತರು. ಬಹಳ ಹೊತ್ತು.
ಆಮೇಲೆ, ಬಾಯ್ಲರಿಗೆ ಹೇಳುವ ಹಾಗೆ:
‘ಎರಡು ಬೇಸಗೆ ಹಿಂದೆ, ನಾಲ್ಕು ದಿನ ನಲ್ಲಿ ಬರಲಿಲ್ಲ.
ಹದಿನೇಳನೇ ನಂಬರಲ್ಲಿ ಹಸೀ ಬಾಣಂತಿ.
ಬೋರಿನ ವಾಲ್ವು ಮುಟ್ಟಬೇಡ ಅಂದಿದ್ರು ಸಾಹೇಬ್ರು.
ಮುಟ್ಟಿದೆ.
ಮತ್ತೆ ತಿರುಗಿಸಿದೆನವ್ವ, ತಾಯಾಣೆ ತಿರುಗಿಸಿದೆ.’

ಮೂಲೆಯಲ್ಲಿ, ಜೇಡರ ಬಲೆಯ ಹಿಂದೆ,
ಹಿತ್ತಾಳೆಯ ಆ ವಾಲ್ವಿಗೆ ಕಿವಿಯಿಟ್ಟೆ.
ಒಳಗೆ ಸಣ್ಣಗೆ ಸಿಳ್ಳೆ.
ವಾಷರಿನಲ್ಲಿ ಒಂದು ಕಡೆ ಉಗುರಿನಷ್ಟು ಸವೆತ.

ಹೊಸದು ಹಾಕಿದ ಮೇಲೆ, ಐದೂವರೆಗೆ,
ನೂರ ಎಪ್ಪತ್ತು. ಸಾಕು ಇಷ್ಟು ಹತ್ತಿರ.
ಬಾಟಲಿಗಳನ್ನು ಬೆಳಕಿಗೆ ಹಿಡಿದೆ.
ಚೀಟಿ ಇಲ್ಲದಿದ್ದರೆ ನನಗೂ ಗುರುತಿಲ್ಲ.

ಫಾರಮಿನಲ್ಲಿ ‘ಕಾರಣ’ ಅಂತ ಒಂದು ಖಾನೆ.
ಮಾದಯ್ಯ ಬೇರೆ ಕಡೆ ನೋಡುತ್ತ ನಿಂತಿದ್ದರು.
‘ವಾಷರ್ ಸವೆದಿತ್ತು’ ಎಂದು ಬರೆದೆ.
ಸುಳ್ಳೇನಲ್ಲವಲ್ಲ.

ಮಾರನೇ ದಿನ ಬಿಲ್ಲಿಗೆ ಹೋದರೆ
ಗೇಟಿನಲ್ಲೇ ಕಾದಿದ್ದರು, ಟವೆಲಿನಲ್ಲಿ ಸುತ್ತಿದ
ಅರ್ಧ ಲೀಟರಿನ ಬಾಟಲಿ ಹಿಡಿದು.
‘ನಮ್ಮ ಬೀದೀದು. ಮನೆಯವಳಿಗೆ ಎರಡು ಸಲ
ಕಲ್ಲು ತೆಗೆಸಿದ್ದಾಯ್ತು. ಬೇಳೆಯಂತೂ ಬೇಯಲ್ಲ.
ಎಷ್ಟು ಅಂತ ಹೇಳು. ಅಂಕಿ ಸಾಕು.’

ಮೆಟ್ಟಿಲ ಮೇಲೆ ಕೂತು ಪೆಟ್ಟಿಗೆ ಬಿಚ್ಚಿದೆ.
ಇಬ್ಬರೂ ಒಟ್ಟಿಗೆ ಎಣಿಸಿದೆವು, ಜೋರಾಗಿ.
ಹದಿನೆಂಟನೇ ಹನಿಗೂ
ಬಣ್ಣ ತಿರುಗಿರಲಿಲ್ಲ.